‘ದಿನಕ್ಕೆ ಐದು ಬಾರಿ, ನಾಲ್ಕು ದಿನ’: ತುಟಿಯ ಹರ್ಪಿಸ್‌ಗೆ ಅಸೈಕ್ಲೋವಿರ್ ಕ್ರೀಮ್ ಬಳಸುವ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಪರಿಭಾಷೆ

ತುಟಿಯ ಅಂಚಿನಲ್ಲಿ ಗುಂಪಾಗಿ ಎದ್ದು, ಒಡೆದು, ಹಕ್ಕಳೆ ಕಟ್ಟಿ ಉದುರುವ ನೀರುಗುಳ್ಳೆಗಳಿಗೆ ಹೆಚ್ಚಾಗಿ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್-1 ಕಾರಣ. ಮರುಕಳಿಸುವ ಈ ಗುಳ್ಳೆಗಳಿಗೆ 5% ಅಸೈಕ್ಲೋವಿರ್ ಕ್ರೀಮನ್ನು ಸುರಕ್ಷಿತವಾಗಿ ಬಳಸುವ ಬಗೆ ಇಲ್ಲಿನ ವಿಷಯ. ಮಾತ್ರೆಯ ಚಿಕಿತ್ಸೆ ಇದರ ವ್ಯಾಪ್ತಿಯಲ್ಲಿಲ್ಲ.

ಮೂರು ಹೆಸರುಗಳನ್ನು ಮೊದಲೇ ಬೇರ್ಪಡಿಸುವುದು ಅಗತ್ಯ. (ಅ) ‘ಬಾಯಿಹುಣ್ಣು’ ಎನ್ನುವಾಗ ಸಾಮಾನ್ಯವಾಗಿ ಸೂಚಿತವಾಗುವುದು ಕೆನ್ನೆಯ ಒಳಭಾಗ, ನಾಲಿಗೆ ಅಥವಾ ತುಟಿಯ ಒಳಮೈಯಲ್ಲಿ ಏಳುವ ಆಫ್ತಸ್ ಹುಣ್ಣು. ಅದು ಈ ವೈರಸ್‌ನಿಂದ ಬರುವುದಲ್ಲ. ಈ ಕ್ರೀಮ್ ಅದಕ್ಕೆ ಮದ್ದಲ್ಲ. (ಆ) ‘ಸರ್ಪಸುತ್ತು’ವನ್ನೂ ಮಾತಿನಲ್ಲಿ ‘ಹರ್ಪಿಸ್’ ಎನ್ನುವುದುಂಟು. ಅದರ ಕಾರಣ ಸೀತಾಳೆ ಸಿಡುಬಿನ ವೈರಸ್; ಅದಕ್ಕೆ ವೈದ್ಯರು ಕೊಡುವುದು ಮಾತ್ರೆ, ಈ ಕ್ರೀಮ್ ಅಲ್ಲ. (ಇ) ಔಷಧದ ಹೆಸರಿಗೆ ಇಂಗ್ಲಿಷ್‌ನಲ್ಲಿ ಎರಡು ಕಾಗುಣಿತಗಳಿವೆ: ಅಂತರರಾಷ್ಟ್ರೀಯ ಹೆಸರಿನಲ್ಲಿ ‘ಸಿ’ಯ ಬಳಿಕ ‘ಐ’, ಅಮೆರಿಕದ ಹೆಸರಿನಲ್ಲಿ ‘ವೈ’. ವಸ್ತು ಒಂದೇ.

ಸೋಂಕಿನ ವ್ಯಾಪಕತೆಯ ಅಂಕಿಗಳಲ್ಲೂ ವ್ಯತ್ಯಾಸವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳಲ್ಲಿ 50 ವರ್ಷದೊಳಗಿನ ಸೋಂಕಿತರ ಪ್ರಮಾಣ 2012ನೇ ಸಾಲಿಗೆ ಸುಮಾರು 67%, 2020ನೇ ಸಾಲಿಗೆ ಸುಮಾರು 64% ಎಂದಿದೆ. ಇವು ಮಾದರಿ ಆಧಾರಿತ ಅಂದಾಜುಗಳಾದ್ದರಿಂದ ಈ ಅಂತರವನ್ನು ನಿಜವಾದ ಇಳಿಕೆ ಎಂದು ಓದುವುದು ಸರಿಯಾಗಲಾರದು.

2. ಕಾಲಾನುಕ್ರಮ

ಬರೋಸ್ ವೆಲ್ಕಂ ಪ್ರಯೋಗಾಲಯದ ಗರ್ಟ್ರೂಡ್ ಎಲಿಯನ್ ಮತ್ತು ಸಂಗಡಿಗರು ಈ ಅಣುವಿನ ಆಯ್ದ ಕ್ರಿಯೆಯನ್ನು 1977ರಲ್ಲಿ ವಿವರಿಸಿದರು. ಹೋವರ್ಡ್ ಶೇಫರ್ ಪ್ರಥಮ ಲೇಖಕರಾಗಿರುವ ಪ್ರಬಂಧ 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸೋಂಕಿತ ಕೋಶದಲ್ಲಿ ವೈರಸ್‌ನದೇ ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಔಷಧವನ್ನು ಸಕ್ರಿಯಗೊಳಿಸುವ ಮೊದಲ ಹೆಜ್ಜೆ ಇಡುತ್ತದೆ; ಸಕ್ರಿಯ ರೂಪವು ವೈರಸ್‌ನ ಡಿಎನ್‌ಎ ಸರಪಳಿಯನ್ನು ನಡುವೆಯೇ ನಿಲ್ಲಿಸುತ್ತದೆ. ಸೋಂಕಿಲ್ಲದ ಕೋಶಕ್ಕೆ ಆಗುವ ಬಾಧೆ ಅತ್ಯಲ್ಪವಾಗಿರುವುದಕ್ಕೆ ಇದು ಮುಖ್ಯ ಕಾರಣ. ಟ್ರೈಜೆಮಿನಲ್ ನರಗಂಟಿನಲ್ಲಿ ಸುಪ್ತವಾಗಿರುವ ವೈರಸ್ ವೃದ್ಧಿಯಾಗುತ್ತಿರುವುದಿಲ್ಲ. ಹೀಗಾಗಿ ತುಟಿಗೆ ಹಚ್ಚಿದ ಕ್ರೀಮ್ ಅದನ್ನು ನಿರ್ಮೂಲಗೊಳಿಸದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 5% ಮುಲಾಮಿಗೆ 1982ರಲ್ಲೂ 5% ಕ್ರೀಮಿಗೆ 2002ರಲ್ಲೂ ಅನುಮತಿ ನೀಡಿತು. ತುಟಿಯ ಹರ್ಪಿಸ್ ಮರುಕಳಿಸಿದಾಗ ಬಳಸಲು ಅನುಮತಿ ಪಡೆದದ್ದು ಕ್ರೀಮ್. ಮುಲಾಮಿನ ಅನುಮತಿ ಮೊದಲ ಬಾರಿಯ ಜನನಾಂಗದ ಹರ್ಪಿಸ್‌ಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರ ಕೆಲವು ಸೀಮಿತ ಸೋಂಕುಗಳಿಗೆ ಸಂಬಂಧಿಸಿದ್ದು.

3. ಕ್ರೀಮ್ ಮತ್ತು ಮುಲಾಮು ಒಂದಲ್ಲ

ಅಂಗಡಿಯಲ್ಲಿ ಎರಡನ್ನೂ ‘ಮುಲಾಮು’ ಎಂದೇ ಕೇಳುವ ರೂಢಿಯಿದೆ. ಔಷಧದ ಪ್ರಮಾಣ ಸಮವಾಗಿದ್ದರೂ ಆಧಾರದ್ರವ್ಯ ಬೇರೆ: ಮುಲಾಮಿನಲ್ಲಿ ಪಾಲಿಇಥಿಲೀನ್ ಗ್ಲೈಕಾಲ್, ಕ್ರೀಮಿನಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಜಲೀಯ ಮಿಶ್ರಣ. ಫ್ರೀಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹದಿಂದ ಬೇರ್ಪಡಿಸಿದ ಮಾನವ ಚರ್ಮದ ಮೂಲಕ ಮುಲಾಮಿನ ಔಷಧ ಬಹಳ ನಿಧಾನವಾಗಿ ಹಾಯ್ದಿತು. ಮುಲಾಮಿನ ಆರಂಭದ ಪ್ರಯೋಗಗಳು ನಿರಾಶಾದಾಯಕವಾಗಿದ್ದುದಕ್ಕೆ ಇದು ಒಂದು ಸಂಭಾವ್ಯ ವಿವರಣೆ.

ಆದರೆ ಕ್ರೀಮಿನ ಆರಂಭದ ದಾಖಲೆಯೂ ಏಕರೂಪವಲ್ಲ. ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ 1983ರಲ್ಲಿ ಫಿಡಿಯನ್ ಮತ್ತು ಸಂಗಡಿಗರು ತುಟಿಗೆ ಹಚ್ಚಿದ ಅಸೈಕ್ಲೋವಿರ್ ಚಿಕಿತ್ಸೆಯನ್ನು ಶೀರ್ಷಿಕೆಯಲ್ಲೇ ‘ಯಶಸ್ವಿ’ ಎಂದರು. ಅದೇ ಪತ್ರಿಕೆಯಲ್ಲಿ 1985ರಲ್ಲಿ ಶಾ ಮತ್ತು ಸಂಗಡಿಗರ ಶೀರ್ಷಿಕೆ ಕ್ರೀಮಿನ ‘ವೈಫಲ್ಯ’ವನ್ನು ಸಾರಿತು. ಪರಿಣಾಮ ಚಿಕ್ಕದಾಗಿದ್ದರೆ ಕಡಿಮೆ ಜನರ ಪ್ರಯೋಗಗಳು ಹೀಗೆ ಪರಸ್ಪರ ವಿರುದ್ಧ ತೀರ್ಮಾನ ಕೊಡುವುದು ಅಸಹಜವಲ್ಲ.

4. ಪರಿಣಾಮದ ಪ್ರಮಾಣ

ಸ್ಪ್ರೂಅನ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಲ್ಲಿ ಒಟ್ಟು ಸುಮಾರು 1,385 ಮಂದಿಯ ಫಲಿತಾಂಶ ಲಭ್ಯವಿದೆ. ಮೊದಲನೆಯದರಲ್ಲಿ ಗುಳ್ಳೆಯ ಸರಾಸರಿ ಅವಧಿ ಔಷಧದ ಗುಂಪಿನಲ್ಲಿ 4.3 ದಿನ, ಔಷಧವಿಲ್ಲದ ಬರಿಯ ಕ್ರೀಮಿನ ಗುಂಪಿನಲ್ಲಿ 4.8 ದಿನ, ಎರಡನೆಯದರಲ್ಲಿ 4.6 ಮತ್ತು 5.2 ದಿನ. ಅಂದರೆ ಲಾಭ ಸುಮಾರು ಅರ್ಧ ದಿನ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ಗಣನೀಯ, ಪ್ರಮಾಣದಲ್ಲಿ ಸಣ್ಣದು. ಗುಳ್ಳೆ ಪೂರ್ಣರೂಪಕ್ಕೆ ಬರುವುದನ್ನು ಕ್ರೀಮ್ ತಡೆದಂತೆ ಕಂಡುಬರಲಿಲ್ಲ.

ಇತರ ಎರಡು ಕ್ರೀಮುಗಳ ಅಂಕಿಗಳೂ ಇದೇ ಆಸುಪಾಸಿನಲ್ಲಿವೆ. 1% ಪೆನ್‌ಸೈಕ್ಲೋವಿರ್ ಪ್ರಯೋಗದಲ್ಲಿ (1997) ಮಧ್ಯಾಂಕ 4.8 ದಿನ, ಹೋಲಿಕೆಯ ಗುಂಪಿನಲ್ಲಿ 5.5. 10% ಡೊಕೊಸನಾಲ್ ಪ್ರಯೋಗದಲ್ಲಿ (2001) ಮಧ್ಯಾಂಕ 4.1 ದಿನ, ಹೋಲಿಕೆಗಿಂತ ಸುಮಾರು 18 ಗಂಟೆ ಕಡಿಮೆ. ಇವನ್ನು ಪಕ್ಕಪಕ್ಕ ಇಟ್ಟು ಮೇಲು ಕೀಳು ನಿರ್ಣಯಿಸಲಾಗದು: ಅಸೈಕ್ಲೋವಿರ್‌ನ ಅಂಕಿ ಸರಾಸರಿ, ಉಳಿದೆರಡು ಮಧ್ಯಾಂಕ, ಹೋಲಿಕೆಗೆ ಬಳಸಿದ ಬರಿಯ ಲೇಪವೂ ಒಂದೇ ಆಗಿರಲಿಲ್ಲ.

5. ಸೂಚನೆಗಳಲ್ಲಿನ ಭಿನ್ನತೆ

5.1 ಅವಧಿ. ಅಮೆರಿಕದ ಸೂಚನಾಪತ್ರದಲ್ಲಿ ಅಸೈಕ್ಲೋವಿರ್ ಕ್ರೀಮ್ ದಿನಕ್ಕೆ 5 ಬಾರಿ, 4 ದಿನ. ವಯಸ್ಸು 12 ಮತ್ತು ಮೇಲ್ಪಟ್ಟು. ಬ್ರಿಟನ್ನಿನ ಸೂಚನೆಯಲ್ಲೂ ದಿನಕ್ಕೆ 5 ಬಾರಿಯೇ, ಸುಮಾರು 4 ಗಂಟೆಗೊಮ್ಮೆ. ವಾಸಿಯಾಗದಿದ್ದರೆ ಒಟ್ಟು 10 ದಿನದವರೆಗೆ ಮುಂದುವರಿಸಲು ಅವಕಾಶವಿದೆ. ಪೆನ್‌ಸೈಕ್ಲೋವಿರ್ ಎಚ್ಚರವಿರುವಷ್ಟು ಹೊತ್ತು 2 ಗಂಟೆಗೊಮ್ಮೆ, 4 ದಿನ. ಆದ್ದರಿಂದ ಒಂದು ಕ್ರೀಮಿನ ಲೆಕ್ಕವನ್ನು ಇನ್ನೊಂದಕ್ಕೆ ಅನ್ವಯಿಸದೆ, ಕೈಯಲ್ಲಿರುವ ಟ್ಯೂಬಿನ ಸೂಚನೆಯನ್ನೇ ಅನುಸರಿಸುವುದು ಉಚಿತ.

5.2 ಆರಂಭ. ತುಟಿ ಚುಮುಗುಟ್ಟಿದ ಅಥವಾ ಉರಿದ ಕೂಡಲೇ ಆರಂಭಿಸಬೇಕೆಂಬುದು ಸಾಮಾನ್ಯ ಸೂಚನೆ. 2002ರ ಪ್ರಯೋಗಗಳಲ್ಲಾದರೋ ಗಂಟು ಅಥವಾ ನೀರುಗುಳ್ಳೆಯ ಹಂತದಲ್ಲಿ ಆರಂಭಿಸಿದವರಲ್ಲೂ ಪರಿಣಾಮ ಕಂಡಿತು. ಇವೆರಡರ ನಡುವೆ ನೇರ ವಿರೋಧವಿಲ್ಲ: ಬೇಗ ಆರಂಭಿಸುವುದು ಅಪೇಕ್ಷಣೀಯ, ತಡವಾದ ಮಾತ್ರಕ್ಕೆ ಪೂರ್ತಿ ವ್ಯರ್ಥ ಎನ್ನಲು ಆಧಾರವಿಲ್ಲ.

5.3 ತಡೆಗಟ್ಟುವಿಕೆ. ಕೊಕ್ರೇನ್ ಸಂಸ್ಥೆಯ 2015ರ ಪರಿಶೀಲನೆಯಲ್ಲಿ, ಗುಳ್ಳೆ ಏಳದಂತೆ ಮುಂಚಿತವಾಗಿ ಅಲ್ಪಾವಧಿಗೆ ಅಸೈಕ್ಲೋವಿರ್ ಕ್ರೀಮ್ ಹಚ್ಚುವುದರಿಂದ ಪ್ರಯೋಜನ ಸಿದ್ಧವಾಗಲಿಲ್ಲ. ಗುಳ್ಳೆಯ ಸುಳಿವಿಲ್ಲದಾಗ ದಿನವೂ ಹಚ್ಚಿಕೊಳ್ಳುವ ಅಭ್ಯಾಸಕ್ಕೆ ಇದು ಬೆಂಬಲವಲ್ಲ.

6. ಹಚ್ಚುವ ಕ್ರಮ

6.1 ಹಚ್ಚುವ ಮೊದಲೂ ನಂತರವೂ ಸೋಪಿನಿಂದ ಕೈ ತೊಳೆಯಬೇಕು. ಮೊದಲನೆಯದು ಗುಳ್ಳೆಗೆ ಬೇರೆ ಸೋಂಕು ತಗುಲದಿರಲು. ಎರಡನೆಯದು ವೈರಸ್ ಬೆರಳಿನಿಂದ ಕಣ್ಣಿಗೋ ಬೇರೆಯವರಿಗೋ ದಾಟದಿರಲು.
6.2 ಗುಳ್ಳೆ ಮತ್ತು ಅದರ ಹೊರ ಅಂಚು ಮುಚ್ಚುವಷ್ಟು ತೆಳುವಾಗಿ ಲೇಪಿಸಿದರೆ ಸಾಕು. ತಿಕ್ಕಬಾರದು, ಗುಳ್ಳೆ ಒಡೆಯಬಾರದು, ಹಕ್ಕಳೆ ಕೀಳಬಾರದು, ಪಟ್ಟಿ ಕಟ್ಟಬಾರದು.
6.3 ಒಂದು ಸಲ ತಪ್ಪಿದರೆ ಮುಂದಿನ ಸಲ ದುಪ್ಪಟ್ಟು ಹಚ್ಚುವ ಅಗತ್ಯವಿಲ್ಲ.
6.4 ಟ್ಯೂಬ್, ಟವೆಲ್, ತುಟಿಯ ಮುಲಾಮು, ಲೋಟ ಹಂಚಿಕೊಳ್ಳಬಾರದು. ಕಚ್ಚಿ ಕುಡಿಯದೆ ಎತ್ತಿ ಕುಡಿಯುವ, ಎಂಜಲು ತಪ್ಪಿಸುವ ಮನೆಯ ರೂಢಿ ಇಲ್ಲಿ ಅನುಕೂಲಕರ.
6.5 ಕ್ರೀಮ್ ಹಚ್ಚಿದ್ದೇವೆಂಬುದು ಸೋಂಕು ಹರಡದೆಂಬ ಖಾತರಿಯಲ್ಲ. ಹುಣ್ಣು ಪೂರ್ತಿ ಮಾಯುವವರೆಗೆ ಮುತ್ತಿಡುವುದನ್ನು, ವಿಶೇಷವಾಗಿ ನವಜಾತ ಶಿಶುವಿಗೆ, ತಪ್ಪಿಸಬೇಕು. ಹಸುಗೂಸಿನಲ್ಲಿ ಈ ಸೋಂಕು ಪ್ರಾಣಾಂತಿಕವಾಗಬಲ್ಲದು.

7. ಸಲ್ಲದ ಜಾಗ, ಸಲ್ಲದ ಸಂದರ್ಭ

7.1 ಕಣ್ಣು. ಕಣ್ಣಿಗೆಂದೇ ತಯಾರಾಗುವ ಅಸೈಕ್ಲೋವಿರ್ ಮುಲಾಮು 3%. ಚರ್ಮದ ಕ್ರೀಮ್ 5%. ಹೆಸರು ಒಂದೇ ಆದ್ದರಿಂದ ಟ್ಯೂಬು ಅದಲುಬದಲಾಗುವ ಸಾಧ್ಯತೆ ಇದೆ. ಚರ್ಮದ ಕ್ರೀಮನ್ನು ಕಣ್ಣಿಗೆ, ಬಾಯಿಯ ಒಳಗೆ, ಮೂಗಿನ ಒಳಗೆ ಹಚ್ಚಬಾರದು.
7.2 ಸ್ಟೀರಾಯ್ಡ್. 2009ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 5% ಅಸೈಕ್ಲೋವಿರ್ ಮತ್ತು 1% ಹೈಡ್ರೊಕಾರ್ಟಿಸೋನ್ ಮಿಶ್ರಣವನ್ನು ಬಳಸಿದವರಲ್ಲಿ 42% ಮಂದಿಗೆ ಹುಣ್ಣು ಮೂಡಲಿಲ್ಲ. ಅಸೈಕ್ಲೋವಿರ್ ಒಂದರಲ್ಲೇ 35%, ಬರಿಯ ಕ್ರೀಮಿನಲ್ಲಿ 26%. ಆ ಫಲಿತಾಂಶ ಆ ಮಿಶ್ರಣಕ್ಕಷ್ಟೇ ಸಲ್ಲುತ್ತದೆ. ಮನೆಯಲ್ಲಿರುವ ಯಾವುದೋ ಸ್ಟೀರಾಯ್ಡ್ ಕ್ರೀಮನ್ನು ಗುಳ್ಳೆಗೆ ಹಚ್ಚಲು ಅದು ಸಮರ್ಥನೆಯಾಗದು.
7.3 ಅಡ್ಡಪರಿಣಾಮ. ತುಟಿ ಒಣಗುವುದು, ಬಿರಿಯುವುದು, ಸಿಪ್ಪೆ ಏಳುವುದು, ಉರಿ, ತುರಿಕೆ ವರದಿಯಾಗಿವೆ. ಪ್ರಯೋಗಗಳಲ್ಲಿ ಇವು ತಲಾ 1%ಕ್ಕಿಂತ ಕಡಿಮೆ. ಪ್ರೊಪಿಲೀನ್ ಗ್ಲೈಕಾಲ್ ಸಹ ಚರ್ಮ ಕೆರಳಿಸಬಲ್ಲದು. ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಕ್ರೀಮ್ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.
7.4 ವೈದ್ಯರ ಬಳಿಗೆ. ಕಣ್ಣು ನೋವು ಅಥವಾ ಕೆಂಪು, ಎಕ್ಸಿಮಾ ಇರುವ ಚರ್ಮದಲ್ಲಿ ಗುಳ್ಳೆ ಹರಡುವುದು, 10 ದಿನ ಮೀರಿದ ಹುಣ್ಣು, ಪದೇಪದೇ ಮರುಕಳಿಸುವುದು, ಅಂಗ ಕಸಿ, ಕಿಮೊಥೆರಪಿ, ಎಚ್‌ಐವಿ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿರುವುದು. ಕೊನೆಯ ಗುಂಪಿನವರಲ್ಲಿ ಔಷಧಕ್ಕೆ ಜಗ್ಗದ ವೈರಸ್ ಹೆಚ್ಚಾಗಿ ಕಂಡುಬರುತ್ತದೆ. ಕ್ರೀಮ್ ಮಾತ್ರ ನೆಚ್ಚಿ ಕಾಯುವುದು ಅವರಿಗೆ ಸೂಕ್ತವಲ್ಲ. ಚರ್ಮದ ಮೂಲಕ ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪವಾದರೂ ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಕೇಳಿಯೇ ಬಳಸುವುದು ಲೇಸು.

8. ತಾತ್ಕಾಲಿಕ ನಿಷ್ಕರ್ಷೆ

ಪರಿಶೀಲಿಸಿದ ದಾಖಲೆಗಳಿಂದ ಮೂರು ಮಾತುಗಳನ್ನಷ್ಟೇ ಹೇಳಬಹುದು. ಒಂದು, ಕ್ರೀಮಿನ ಲಾಭ ನಿಜ, ಆದರೆ ಸುಮಾರು ಅರ್ಧ ದಿನದಷ್ಟು. ಎರಡು, ಈ ಲಾಭ ದಿನಕ್ಕೆ ಐದು ಬಾರಿ, ನಾಲ್ಕು ದಿನ ಹಚ್ಚಿದ ಪ್ರಯೋಗಗಳಲ್ಲಿ ಕಂಡದ್ದು. ನೆನಪಾದಾಗ ಒಂದೆರಡು ಸಲ ಹಚ್ಚಿದರೂ ಅಷ್ಟೇ ಫಲವೆಂದು ಊಹಿಸಲು ಆ ದಾಖಲೆಗಳು ಎಡೆಗೊಡುವುದಿಲ್ಲ. ಮೂರು, ಚರ್ಮದ ಮೇಲೆ ಸರಿಯಾಗಿ ಬಳಸಿದಾಗ ಅಪಾಯ ಅಲ್ಪ. ಆತಂಕಕ್ಕೆ ಹೆಚ್ಚಿನ ಕಾರಣವಾಗುವುದು ಬೇರೆ ಹುಣ್ಣಿಗೆ, ಕಣ್ಣಿಗೆ ಅಥವಾ ಬೇರೆ ಟ್ಯೂಬಿನಿಂದ ಹಚ್ಚುವಂತಹ ತಪ್ಪುಗಳು. ಮತ್ತು ಗುಳ್ಳೆಯಿರುವ ತುಟಿಯಿಂದ ಹಸುಗೂಸಿಗೆ ಇಡುವ ಮುತ್ತು.