ಎರಡು ಅಂಕಿಯ ವರ್ಷ

1999ರ ಡಿಸೆಂಬರ್ 31ರ ರಾತ್ರಿ ಲೋಕ ಹೆದರಿದ್ದು ಎರಡು ಸೊನ್ನೆಗಳಿಗೆ. 80 ಕಾಲಂಗಳ ರಂಧ್ರಪತ್ರಗಳ ಕಾಲದಲ್ಲಿ ಒಂದೊಂದು ಅಕ್ಷರದ ಜಾಗವೂ ದುಬಾರಿ. ಹೀಗಾಗಿ ಪ್ರೋಗ್ರಾಂ ಬರೆದವರು ವರ್ಷದ ಮೊದಲೆರಡು ಅಂಕಿಗಳನ್ನು ಬಿಟ್ಟುಬಿಟ್ಟಿದ್ದರು. 99 ಮುಗಿದು 00 ಬಂದಾಗ ಯಂತ್ರ ಅದನ್ನು 1900 ಎಂದು ಓದಿಕೊಂಡರೆ? ಬ್ಯಾಂಕಿನ ಬಡ್ಡಿ ತಪ್ಪುತ್ತದೆ, ವಿದ್ಯುತ್ ನಿಲ್ಲುತ್ತದೆ, ವಿಮಾನಗಳು ಬೀಳುತ್ತವೆ ಎಂಬವರೆಗೂ ಮಾತು ಬೆಳೆಯಿತು. ಅದಕ್ಕೆ ವೈಟುಕೆ ಎಂದು ಹೆಸರಾಯಿತು.

ಆಳಂದ ತಾಲೂಕಿನ ನರೋಣಾ ಹೋಬಳಿಯ ರೈತನ ಪಹಣಿಗೆ ಮಾತ್ರ ಆ ರಾತ್ರಿ ಯಾವ ಅಪಾಯವೂ ಇರಲಿಲ್ಲ. ಆಗ ಚಲಾವಣೆಯಲ್ಲಿದ್ದದ್ದು ಕೈಬರಹದ ಪಹಣಿ. ನಮ್ಮ ಕಡೆ ತಲಾಟಿ ಎನ್ನುವ ಗ್ರಾಮ ಲೆಕ್ಕಿಗನ ಕೈಯಲ್ಲಿತ್ತು. ಅವನು ತಿದ್ದಿದರೆ ತಿದ್ದಬೇಕು! ಕಂಪ್ಯೂಟರ್ ಪಹಣಿ ಕೊಡುವ ‘ಭೂಮಿ’ ಯೋಜನೆ ತಾಲೂಕು ಕಚೇರಿಗಳನ್ನು ತುಂಬಿದ್ದು ಆಮೇಲೆ.

ಹಾಗೆಂದು ವರ್ಷದ ಗೊಂದಲ ಈ ನೆಲಕ್ಕೆ ಹೊಸದಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮನ ಆಳ್ವಿಕೆಯಲ್ಲಿದ್ದಾಗ ಕಂದಾಯದ ಲೆಕ್ಕ ನಡೆದದ್ದು ಫಸಲಿ ವರ್ಷದಲ್ಲಿ. ಹೈದರಾಬಾದ್ ಭೂಕಂದಾಯ ಕಾಯ್ದೆಯ ಹೆಸರಿನಲ್ಲೇ 1317 ಫಸಲಿ ಎಂದಿದೆ. ಅದು 1907-08ರದ್ದು. ಶಾಸನ ಓದುವವರ ಪಾಡು ಇನ್ನೂ ಕಷ್ಟ. ಶಕವರ್ಷ ಹೇಳದೆ ಸಂವತ್ಸರದ ಹೆಸರನ್ನಷ್ಟೇ ಕೆತ್ತಿದ್ದರೆ, ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವ ಹೆಸರು. ವೈಟುಕೆಯ ಆ ರಾತ್ರಿ ನಡೆಯುತ್ತಿದ್ದದ್ದು ಪ್ರಮಾಥಿ ಸಂವತ್ಸರ. 1939ರಲ್ಲಿ ಶುರುವಾದದ್ದೂ ಪ್ರಮಾಥಿಯೇ. ಅಂಥ ಕಡೆ ನಾವು ಅರಸನ ಹೆಸರು, ಲಿಪಿಯ ರೂಪ, ತಿಥಿ-ವಾರ ನೋಡಿ ಬಿಟ್ಟುಹೋದ ಶತಮಾನವನ್ನು ತುಂಬಿಕೊಳ್ಳುತ್ತೇವೆ. ಬರೆದವನಿಗೂ ಅವನ ಕಾಲದ ಓದುಗನಿಗೂ ಅದು ಹೇಳಬೇಕಾದ ವಿಷಯವೇ ಆಗಿರಲಿಲ್ಲ. ಯಂತ್ರಕ್ಕೆ ಈ ಊಹೆ ಬರುವುದಿಲ್ಲ, ಪ್ರತಿಯೊಂದನ್ನೂ ಹೇಳಿಕೊಡಬೇಕು.

ಹೇಳಿಕೊಡುವ ಕೆಲಸದ ದೊಡ್ಡ ಪಾಲು ಬೆಂಗಳೂರಿಗೆ ಬಂತು. ಅಮೆರಿಕ, ಯುರೋಪಿನ ಕಂಪನಿಗಳ ಹಳೆಯ ಕೋಬಾಲ್ ಪ್ರೋಗ್ರಾಂಗಳನ್ನು ತೆರೆದು, ಸಾಲು ಸಾಲಾಗಿ ದಿನಾಂಕ ಹುಡುಕಿ, ತಿದ್ದಿ, ಮತ್ತೆ ಪರೀಕ್ಷಿಸುವುದು. ಹೊಸದೇನನ್ನೂ ಕಟ್ಟದ, ಬೇಸರದ ದುಡಿಮೆ. 1999ರ ಮಾರ್ಚ್‌ನಲ್ಲಿ ನಾಸ್ಡಾಕ್ ಪ್ರವೇಶಿಸಿದ ಇನ್ಫೋಸಿಸ್‌ನ ಆದಾಯದಲ್ಲೂ ಈ ದುಡಿಮೆಯ ಪಾಲಿತ್ತು.

ಜನವರಿ 1 ಬಂತು, ವಿಮಾನ ಬೀಳಲಿಲ್ಲ. ಕೂಡಲೇ ಇದೆಲ್ಲ ಕಂಪ್ಯೂಟರಿನವರು ದುಡ್ಡು ಮಾಡಲು ಹುಟ್ಟಿಸಿದ ಗುಲ್ಲು ಎಂಬ ಮಾತೂ ಬಂತು. ಈಗಲೂ ಹಾಗನ್ನುವವರಿದ್ದಾರೆ. ನನಗೆ ಇದು ಕೆರೆ ಏರಿಯನ್ನು ಮಳೆಗೆ ಮುಂಚೆ ಭದ್ರಪಡಿಸಿದವನಿಗೆ ‘ಏರಿ ಒಡೆಯಲೇ ಇಲ್ಲವಲ್ಲ’ ಎಂದಂತೆ ಕೇಳಿಸುತ್ತದೆ. ಹೆದರಿಕೆಯಲ್ಲಿ ಉತ್ಪ್ರೇಕ್ಷೆ ಇತ್ತು, ನಿಜ. ಆದರೆ ದೋಷ ಕಣ್ತಪ್ಪಿದ ಕಡೆ ಏನಾಯಿತೆಂದು ನೋಡಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಗರ್ಭಿಣಿಯರ ಡೌನ್ ಸಿಂಡ್ರೋಮ್ ಪರೀಕ್ಷೆಯ ಕಂಪ್ಯೂಟರ್ ತಾಯಂದಿರ ವಯಸ್ಸನ್ನು ತಪ್ಪು ಲೆಕ್ಕ ಹಾಕಿತು. 150ಕ್ಕೂ ಹೆಚ್ಚು ಮಹಿಳೆಯರಿಗೆ ಅಪಾಯ ಕಡಿಮೆ ಎಂಬ ತಪ್ಪು ಫಲಿತಾಂಶ ಹೋಯಿತು. ಅದು ಬಯಲಾದದ್ದು 2000ದ ಮೇ ತಿಂಗಳಲ್ಲಿ. ಆ ಹೊತ್ತಿಗೆ ಪತ್ರಿಕೆಗಳಲ್ಲಿ ವೈಟುಕೆ ಹಳೆಯ ನಗೆಚಾಟಿಕೆಯಾಗಿತ್ತು.

ಇಂಥದೇ ಇನ್ನೊಂದು ಗಡುವು ಮುಂದಿದೆ. 1970ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುವ ಹಳೆಯ 32 ಬಿಟ್ ಗಡಿಯಾರಗಳ ಲೆಕ್ಕ 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷಕ್ಕೆ ತುಂಬಿಹೋಗುತ್ತದೆ. ಈ ಸಲ ನರೋಣಾದ ಪಹಣಿಯೂ ಕಂಪ್ಯೂಟರಿನೊಳಗಿದೆ.