ನೂಲಿನ ಸೇತುವೆ: ನಮ್ಮ ಬೆಟ್ಟದ ಪುರಾಣಗಳೂ ನಮ್ಮ ವಿಶ್ವಾಸವೂ



ಯಾರಾದರೂ ಮಾತು ಎಳೆಯತೊಡಗಿದರೆ "ಸಾಕು ನಿನ್ನ ಪುರಾಣ" ಎನ್ನುತ್ತೇವೆ. ನಮ್ಮ ಆಡುಮಾತಿನಲ್ಲಿ ಪುರಾಣವೆಂದರೆ ಉದ್ದದ, ನಂಬಲಾಗದ ಕಥೆ. ಹೀಗಾಗಿ ಯುವಜನರ ಕೂಟದಲ್ಲಿ ಧರ್ಮ ಮತ್ತು ಪುರಾಣದ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಎದುರುಬದುರು ನಿಲ್ಲುತ್ತವೆ. ಬೇರೆಯವರದೆಲ್ಲ ಪುರಾಣ, ನಮ್ಮದು ಮಾತ್ರ ಧರ್ಮ ಎಂದು ಕೆಲವರು ಹೇಳುತ್ತಾರೆ. ಆದಾಮನ ಪಕ್ಕೆಲುಬು, ನೋವನ ನಾವೆ ಎಲ್ಲವೂ ಪುರಾಣವೇ ಅಲ್ಲವೇ, ಹಾಗಾದರೆ ನಮ್ಮ ವಿಶ್ವಾಸದ ಗತಿ ಏನು ಎಂದು ವಿಜ್ಞಾನ ಓದುತ್ತಿರುವ ಕೆಲವರು ಕೇಳುತ್ತಾರೆ. ಇಬ್ಬರ ವಾದದ ಬುಡದಲ್ಲೂ ಇರುವುದು ಒಂದೇ ಎಣಿಕೆ: ಪುರಾಣ ಎಂದರೆ ಸುಳ್ಳು. ಆ ಎಣಿಕೆ ಸರಿಯೇ? ಇದನ್ನು ನೋಡಲು ನಾವು ಗ್ರೀಸ್ ದೇಶಕ್ಕೋ ಈಜಿಪ್ಟಿಗೋ ಮೊದಲೇ ಹೋಗಬೇಕಾಗಿಲ್ಲ. ನಮ್ಮ ನೀಲಗಿರಿಯಲ್ಲೇ ಬೇಕಾದಷ್ಟಿದೆ.

ಕ್ರೈಸ್ತರನ್ನು ಹುಡುಕಿ ಬಂದ ಗುರು

ಈ ಬೆಟ್ಟಗಳ ಮೇಲೆ ಸಂತ ತೋಮರ ಪರಂಪರೆಯ ಕ್ರೈಸ್ತರು ಗುರುಗಳಿಲ್ಲದೆ, ದೇವಾಲಯವಿಲ್ಲದೆ ಉಳಿದುಬಿಟ್ಟಿದ್ದಾರೆ ಎಂಬ ಸುದ್ದಿ 16ನೇ ಶತಮಾನದ ಕೊನೆಯ ಹೊತ್ತಿಗೆ ಮಲಬಾರಿನಲ್ಲಿ ಹಬ್ಬಿತ್ತು. ಅದು ನಿಜವೇ ಎಂದು ನೋಡಲು 1603ರಲ್ಲಿ ಇಟಲಿಯ ಯೇಸುಸಭೆಯ ಗುರು ಜಾಕೊಮೊ ಫೆನಿಚಿಯೊ ಕಲ್ಲಿಕೋಟೆಯಿಂದ ಹೊರಟು ಬೆಟ್ಟ ಹತ್ತಿದರು. ಕಂಡದ್ದನ್ನು ಅದೇ ವರ್ಷ ಒಂದು ಪತ್ರದಲ್ಲಿ ಬರೆದರು. ಯೂರೋಪಿನವರೊಬ್ಬರು ತೋಡರ ಬಗ್ಗೆ ಬರೆದ ಮೊದಲ ವಿವರವಾದ ವರದಿ ಅದು. ಕ್ರೈಸ್ತರು ಅವರಿಗೆ ಸಿಗಲಿಲ್ಲ. ಸಿಕ್ಕವರು ಎಮ್ಮೆಗಳನ್ನು ಪವಿತ್ರವೆಂದು ಕಾಣುವ ತೋಡರು ಮತ್ತು ಅವರ ಪೂಜಾರಿ. ಅದೇ ಪತ್ರದಲ್ಲಿ ಬಡಗರ ಹೆಸರೂ ಇದೆ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರಿನ ಕಡೆಯಿಂದ, ಕನ್ನಡಕ್ಕೆ ತೀರಾ ಹತ್ತಿರದ ಮಾತನ್ನು ತಂದ ಜನ 1603ಕ್ಕೆ ಮುಂಚೆಯೇ ಇಲ್ಲಿ ನೆಲೆಸಿದ್ದರು ಎನ್ನಲು ಅದೇ ಸಾಕ್ಷಿ.

ಹುಡುಕಿದ್ದು ಸಿಗಲಿಲ್ಲವೆಂದು ಫೆನಿಚಿಯೊ ಸುಮ್ಮನಾಗಲಿಲ್ಲ. ಮಲಬಾರಿನ ಜನರ ದೇವರುಗಳ ಕಥೆಗಳನ್ನು ವರ್ಷಗಟ್ಟಲೆ ಕೇಳಿ ಬರೆದುಕೊಂಡು 1609ರ ಹೊತ್ತಿಗೆ ಪೋರ್ಚುಗೀಸ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನೇ ರಚಿಸಿದರು. ಅವರ ಉದ್ದೇಶ ಆ ಕಥೆಗಳನ್ನು ಖಂಡಿಸುವುದಾಗಿತ್ತು. ಆದರೆ ಖಂಡಿಸುವ ಮೊದಲು ಪೂರ್ತಿ ಕೇಳಿಸಿಕೊಂಡರು. ಈ ಗ್ರಂಥ ಅವರ ಹೆಸರಿನಲ್ಲಿ ಅಚ್ಚಾದದ್ದು 1933ರಲ್ಲಿ. ಅಷ್ಟರಲ್ಲಿ ಅದರ ಬಹುಭಾಗವನ್ನು ಡಚ್ ಪಾದ್ರಿ ಬಾಲ್ಡೇಯಸ್ 1672ರ ತಮ್ಮ ಪುಸ್ತಕದಲ್ಲಿ ಬಳಸಿಕೊಂಡಾಗಿತ್ತು.

ಎಮ್ಮೆಯ ಬಾಲ ಹಿಡಿದು ಬಂದ ಮನುಷ್ಯ

ಫೆನಿಚಿಯೊ ಬಂದು ಸುಮಾರು 300 ವರ್ಷಗಳ ನಂತರ, 1901–02ರಲ್ಲಿ, ಇಂಗ್ಲೆಂಡಿನ ವೈದ್ಯ ಹಾಗೂ ಮಾನವಶಾಸ್ತ್ರಜ್ಞ ಡಬ್ಲ್ಯೂ. ಎಚ್. ಆರ್. ರಿವರ್ಸ್ ನೀಲಗಿರಿಗೆ ಬಂದು ತೋಡರ ನಡುವೆ ಕೆಲಸ ಮಾಡಿದರು. 1906ರಲ್ಲಿ ಬಂದ ಅವರ ಪುಸ್ತಕದಲ್ಲಿ ತೋಡರ ಸೃಷ್ಟಿಕಥೆ ಇದೆ. ಓನ್ ಎಂಬ ದೇವರು ತನ್ನ ಹೆಂಡತಿಯೊಡನೆ ಕುಂದೆ ಬೆಟ್ಟಗಳ ಮೇಲೆ ಹೋಗಿ ಒಂದು ಕಬ್ಬಿಣದ ಸಲಾಕೆಯನ್ನು ನೆಟ್ಟಗೆ ಅಡ್ಡ ಇಟ್ಟ. ಒಂದು ತುದಿಯಲ್ಲಿ ಓನ್ ನಿಂತು ಭೂಮಿಯೊಳಗಿನಿಂದ 1600 ಎಮ್ಮೆಗಳನ್ನು ಹೊರತಂದ. ಇನ್ನೊಂದು ತುದಿಯಲ್ಲಿ ಅವನ ಹೆಂಡತಿ 1800 ಎಮ್ಮೆಗಳನ್ನು ತಂದಳು. ಓನ್ ತಂದ ಕೊನೆಯ ಎಮ್ಮೆಯ ಬಾಲ ಹಿಡಿದುಕೊಂಡು ಒಬ್ಬ ಮನುಷ್ಯ ಹೊರಬಂದ. ಅವನೇ ಮೊದಲ ತೋಡ. ಅವನ ಬಲಪಕ್ಕದ ಒಂದು ಎಲುಬು ತೆಗೆದು ಓನ್ ಮೊದಲ ಹೆಂಗಸನ್ನು ಮಾಡಿದ.

ಪಕ್ಕೆಲುಬಿನ ಮಾತು ಕೇಳಿದ ಕೂಡಲೇ ನಮ್ಮ ಕಿವಿ ನಿಮಿರುತ್ತದೆ. ರಿವರ್ಸ್ ಈ ಕಥೆ ಕೇಳುವ ಹೊತ್ತಿಗೆ ಕೇತಿಯಲ್ಲಿ ಬಾಸೆಲ್ ಮಿಷನ್ ಕೆಲಸ ಶುರುವಾಗಿ ಅರ್ಧ ಶತಮಾನ ಕಳೆದಿತ್ತು ಎಂಬುದನ್ನು ನೆನಪಿಡಬೇಕು. ಕಥೆಗಳು ಕೈಯಿಂದ ಕೈಗೆ ದಾಟುತ್ತವೆ. ಆದರೆ ಕಥೆಯ ಉಳಿದ ಭಾಗ ಯಾವ ಬೋಧಕನಿಂದಲೂ ಬಂದದ್ದಲ್ಲ. ಇಲ್ಲಿ ಮನುಷ್ಯ ಎಮ್ಮೆಗಿಂತ ಹಿಂದೆ ಬರುತ್ತಾನೆ, ಅದೂ ಅದರ ಬಾಲ ಹಿಡಿದು. ತೋಡರ ಪೂಜಾಸ್ಥಳ ಅವರ ಹಾಲಿನ ಮನೆ. ಹಾಲು ಕರೆಯುವುದು, ಕಡೆಯುವುದು, ಬೆಣ್ಣೆ ತೆಗೆಯುವುದು ಇವೇ ಅಲ್ಲಿ ಪೂಜೆಯ ಕ್ರಮ. "ನಾವು ಎಮ್ಮೆಗಳಿಂದ ಬದುಕಿದ್ದೇವೆ" ಎಂಬುದನ್ನು ಕಥೆ ಬಾಯಿಂದ ಹೇಳುತ್ತದೆ, ಪೂಜೆ ಅದನ್ನೇ ಕೈಯಿಂದ ಮಾಡುತ್ತದೆ.

ರಿವರ್ಸ್ ಇನ್ನೊಂದನ್ನೂ ಗಮನಿಸಿದರು. ತೋಡರ ಹಾಲಿನ ಮನೆಯ ವಿಧಿಗಳು ಬಹಳ ವಿಸ್ತಾರವಾಗಿ ಬೆಳೆದಿದ್ದವು. ಪ್ರಾರ್ಥನೆಗಳಲ್ಲಿ ಪವಿತ್ರ ಹೆಸರುಗಳ ಉದ್ದನೆಯ ಸಾಲುಗಳಿದ್ದವು. ಆದರೆ ಆ ಕೆಲವು ಹೆಸರುಗಳ ಹಿಂದಿನ ಕಥೆಗಳು ಮರೆತುಹೋಗಿದ್ದವು. ವಿಧಿಗಳು ಮಿತಿಮೀರಿ ಬೆಳೆದಾಗ ಅವುಗಳ ಮೂಲದಲ್ಲಿದ್ದ ನಂಬಿಕೆ ಬಾಡಿಹೋಗಬಹುದು ಎಂಬುದು ಅವರು ಕೊನೆಗೆ ಮುಟ್ಟಿದ ತೀರ್ಮಾನ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಕರುವಿನ ಮೇಲೆ ಇಳಿಸಿದ ಪಾಪ

ಬಡಗರ ಹಳ್ಳಿಗಳಲ್ಲಿ ಸಾವು ಸಂಭವಿಸಿದಾಗ ಹಿರಿಯರೊಬ್ಬರು ನಿಂತು ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳುವ ಪದ್ಧತಿಯನ್ನು 19ನೇ ಶತಮಾನದ ಮಿಷನರಿಗಳೂ, 1909ರಲ್ಲಿ ಎಡ್ಗರ್ ಥರ್ಸ್ಟನ್ ಅವರೂ ದಾಖಲಿಸಿದ್ದಾರೆ. ಗಡಿಕಲ್ಲು ಸರಿಸಿದ್ದು, ಹಾವು, ಹಲ್ಲಿ, ಕಪ್ಪೆಗಳನ್ನು ಕೊಂದದ್ದು, ಪಕ್ಕದವರ ಬೆಳೆ ನೋಡಿ ಹೊಟ್ಟೆಕಿಚ್ಚುಪಟ್ಟದ್ದು ಹೀಗೆ ಪಟ್ಟಿ ಸಾಗುತ್ತದೆ. ಪ್ರತಿಯೊಂದಕ್ಕೂ ನೆರೆದವರು "ಪಾಪ" ಎಂದು ದನಿಗೂಡಿಸುತ್ತಾರೆ. ಆ ಪಾಪಗಳೆಲ್ಲ ಒಂದು ಕರುವಿನ ಮೇಲೆ ಇಳಿಯಲಿ ಎಂದು ಹೇಳಿ ಕರುವನ್ನು ಬಿಟ್ಟುಬಿಡುತ್ತಿದ್ದರು. ಆ ಕರುವನ್ನು ಮತ್ತೆ ದುಡಿಸುವಂತಿರಲಿಲ್ಲ.

ಬೈಬಲ್ ಓದುವವರಿಗೆ ಇದು ಅಪರಿಚಿತವಲ್ಲ. ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ಮಹಾಯಾಜಕ ಹೋತದ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಜನರ ಪಾಪಗಳನ್ನು ಒಪ್ಪಿಕೊಂಡು ಅದನ್ನು ಅಡವಿಗೆ ಅಟ್ಟಿಬಿಡುತ್ತಾನೆ. ಕಂಡರಿಯದ ಎರಡು ಜನಾಂಗಗಳು ಒಂದೇ ನೋವಿಗೆ ಒಂದೇ ಬಗೆಯ ದಾರಿ ಹುಡುಕಿವೆ.

ಅದೇ ಬಡಗ ಪ್ರಾರ್ಥನೆಯಲ್ಲಿ ಸತ್ತವರು ದಾಟಬೇಕಾದ ನೂಲಿನ ಸೇತುವೆಯ ಮಾತು ಬರುತ್ತದೆ. ತೋಡರ ಕಥೆಯಲ್ಲೂ ಅದು ಇದೆ. ಸತ್ತವರ ನಾಡಿಗೆ ಹೋಗುವಾಗ ಒಂದು ಹೊಳೆ. ಅದರ ಮೇಲೆ ನೂಲಿನ ಸೇತುವೆ. ಕೆಟ್ಟದ್ದು ಮಾಡಿದವರು ಹೊಳೆಗೆ ಬೀಳುತ್ತಾರೆ, ಜಿಗಣೆಗಳು ಕಚ್ಚುತ್ತವೆ. ಆದರೆ ಕಷ್ಟಪಟ್ಟ ಮೇಲೆ ಅವರೂ ಕೊನೆಗೆ ಆಚೆ ಸೇರುತ್ತಾರೆ. ಶುದ್ಧೀಕರಣ ಸ್ಥಳದ ಬಗ್ಗೆ ಕಲಿತ ನಮಗೆ ಇದು ತೀರಾ ದೂರದ ಮಾತಲ್ಲ. ಬಡಗರ ಧಾನ್ಯ, ತೋಡರ ತುಪ್ಪ, ಕೋತರ ಮಡಕೆ ಮತ್ತು ಕಬ್ಬಿಣ, ಕುರುಂಬರ ಜೇನು ಶತಮಾನಗಳ ಕಾಲ ಕೈಬದಲಾದ ಬೆಟ್ಟಗಳಿವು. ಸರಕು ಹೋದ ದಾರಿಯಲ್ಲಿ ಕಥೆಯೂ ಹೋಗುತ್ತದೆ. ದೂರದ ಪ್ರಾಚೀನ ಇರಾನಿನಲ್ಲಿ ಜರತುಷ್ಟ್ರನ ಅನುಯಾಯಿಗಳೂ ಚಿನ್ವತ್ ಎಂಬ ಸೇತುವೆಯನ್ನು ನಂಬಿದ್ದರು. ಒಳ್ಳೆಯವರಿಗೆ ಅದು ಅಗಲವಾಗುತ್ತದೆ, ಕೆಟ್ಟವರಿಗೆ ಕಿರಿದಾಗುತ್ತದೆ.

ನೂಲಿನ ಮೇಲೆ ನಡೆಯಲು ಆಗುತ್ತದೆಯೇ ಎಂದು ಭೌತಶಾಸ್ತ್ರದ ಪುಸ್ತಕ ತೆರೆದು ಕೂತರೆ ನಾವು ಕಥೆಯನ್ನು ಕೇಳಿಯೇ ಇಲ್ಲ ಎಂದರ್ಥ. ಗಡಿಕಲ್ಲು ಸರಿಸಿದವನಿಗೆ ಒಂದು ದಿನ ಲೆಕ್ಕ ಕೊಡುವುದಿದೆ ಎನ್ನುವುದೇ ಆ ಕಥೆಯ ಮಾತು.

ಹಾಗಾದರೆ ಆದಿಕಾಂಡ?

1872ರ ಡಿಸೆಂಬರ್ 3ರಂದು ಜಾರ್ಜ್ ಸ್ಮಿತ್ ಎಂಬ ವಿದ್ವಾಂಸರು ಲಂಡನ್ನಿನ ಸಭೆಯೊಂದರಲ್ಲಿ ನಿನೆವೆಯ ಮಣ್ಣಿನ ಹಲಗೆಯಲ್ಲಿದ್ದ ಜಲಪ್ರಳಯದ ಕಥೆಯನ್ನು ಓದಿ ಹೇಳಿದರು. ಅದರಲ್ಲೂ ನಾವೆ ಇತ್ತು, ಹೊರಗೆ ಬಿಟ್ಟ ಹಕ್ಕಿಗಳಿದ್ದವು. ಅಲ್ಲಿಂದ ಮುಂದೆ ಬೈಬಲ್ಲನ್ನು ನೆರೆಯವರ ಕಥೆಗಳ ಪಕ್ಕದಲ್ಲಿಟ್ಟು ಓದುವುದು ಅನಿವಾರ್ಯವಾಯಿತು. ಕೆಲವರು ಹೆದರಿದರು. ಆದರೆ ಪಕ್ಕದಲ್ಲಿಟ್ಟು ಓದಿದಾಗಲೇ ಆದಿಕಾಂಡದ ಮಾತು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಬಾಬಿಲೋನಿನ ಸೃಷ್ಟಿಕಾವ್ಯ 'ಎನೂಮ ಎಲಿಷ್' 7 ಹಲಗೆಗಳಲ್ಲಿದೆ. ಹೊಸವರ್ಷದ ಹಬ್ಬದ 4ನೇ ದಿನ ಅದನ್ನು ಮಾರ್ದೂಕ್ ದೇವರ ಮುಂದೆ ಓದುತ್ತಿದ್ದರು. ಅಂದರೆ ಅಲ್ಲೂ ಪುರಾಣ ಪೂಜೆಯೊಳಗೇ ಇತ್ತು. ಅದರಲ್ಲಿ ಸೋತ ದೇವನೊಬ್ಬನ ರಕ್ತದಿಂದ ಮನುಷ್ಯರನ್ನು ಮಾಡಲಾಗುತ್ತದೆ. ಏಕೆಂದರೆ ದೇವರುಗಳ ದುಡಿಮೆಯನ್ನು ಹೊರಲು ಯಾರಾದರೂ ಬೇಕು. ಆದಿಕಾಂಡದಲ್ಲಿ ಮನುಷ್ಯ ಆಳಲ್ಲ, ದೇವರ ಪ್ರತಿರೂಪ. ಗಂಡೂ ಹೆಣ್ಣೂ ಇಬ್ಬರೂ. ಬಾಬಿಲೋನಿನವರು ಪೂಜಿಸಿದ ಸೂರ್ಯಚಂದ್ರರು ಅಲ್ಲಿ ದೇವರು ತೂಗುಹಾಕಿದ ದೀಪಗಳು ಮಾತ್ರ. ಭಾಷೆ ಆ ಕಾಲದ ಕಥೆಯ ಭಾಷೆಯೇ, ಹೇಳುವ ಮಾತು ಹೊಸದು. ಆದ್ದರಿಂದ ಆದಿಕಾಂಡವನ್ನು ವಿಜ್ಞಾನದ ಪಠ್ಯವಾಗಿ ಸಮರ್ಥಿಸಲು ನಾವು ಬೆವರಬೇಕಾಗಿಲ್ಲ, ಅದು ವಿಜ್ಞಾನದ ಪಠ್ಯವಲ್ಲ ಎಂದು ನಾಚಬೇಕಾಗಿಯೂ ಇಲ್ಲ.

ಎಲ್ಲ ಕಥೆಗಳೂ ಒಂದೇ ಎಂದು ನಾವು ಹೇಳುತ್ತಿಲ್ಲ. ಓನ್ ಎಮ್ಮೆ ತಂದದ್ದು ಯಾವ ವರ್ಷ ಎಂದು ಯಾವ ತೋಡ ಹಿರಿಯರೂ ಹೇಳುವುದಿಲ್ಲ. ನಾವಾದರೋ ವಿಶ್ವಾಸಪ್ರಮಾಣದಲ್ಲಿ ಪ್ರತಿ ಭಾನುವಾರ ರೋಮನ್ ಅಧಿಕಾರಿ ಪಿಲಾತನ ಹೆಸರು ಹೇಳುತ್ತೇವೆ. ಯೇಸುಸ್ವಾಮಿಯ ಮರಣ ಒಂದು ಊರಿನಲ್ಲಿ, ಒಬ್ಬ ಅಧಿಕಾರಿಯ ಕಾಲದಲ್ಲಿ ನಡೆದದ್ದು ಎಂಬುದು ನಮ್ಮ ವಿಶ್ವಾಸದ ಭಾಗ. ಆದರೂ ಸಂತ ಪೌಲರು ಅಥೆನ್ಸಿನಲ್ಲಿ ಮಾತಾಡಿದಾಗ ಅಲ್ಲಿನವರ ಬಲಿಪೀಠದಿಂದಲೂ ಅಲ್ಲಿನ ಕವಿಗಳ ಮಾತಿನಿಂದಲೂ ಆರಂಭಿಸಿದರು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿತು.

ನಮ್ಮ ಪಾಲಿಗೆ

ಈಗ ರಿವರ್ಸ್ ಮಾತಿಗೆ ಬರೋಣ. ಕಥೆ ಮರೆತರೆ ವಿಧಿ ಒಣಗುತ್ತದೆ. ಪಾಸ್ಖ ಜಾಗರಣೆಯ ರಾತ್ರಿ ನಾವು ಮೇಣದಬತ್ತಿ ಹಿಡಿಯುತ್ತೇವೆ, ದೀಕ್ಷಾಸ್ನಾನದ ಪ್ರತಿಜ್ಞೆಯನ್ನು ನವೀಕರಿಸುತ್ತೇವೆ, ತೀರ್ಥ ಚಿಮುಕಿಸಿಕೊಳ್ಳುತ್ತೇವೆ. ಅದಕ್ಕೂ ಮುಂಚೆ ಸೃಷ್ಟಿಯ ಕಥೆಯನ್ನೂ ಕೆಂಪು ಸಮುದ್ರ ದಾಟಿದ ಕಥೆಯನ್ನೂ ಓದುತ್ತಾರೆ. ಆ ಹೊತ್ತಿನಲ್ಲಿ ಎಷ್ಟು ಮಂದಿ ಹೊರಗೆ ನಿಂತಿರುತ್ತೇವೆ, ಎಷ್ಟು ಮಂದಿ ತೂಕಡಿಸುತ್ತಿರುತ್ತೇವೆ? ಸಮುದ್ರದ ಕಥೆ ಗೊತ್ತಿಲ್ಲದವರಿಗೆ ಆ ತೀರ್ಥ ಬರಿಯ ನೀರು.

ಇದರ ಇನ್ನೊಂದು ಮಗ್ಗುಲನ್ನು ನಮ್ಮ ಗಾದೆ ಹೇಳಿಬಿಟ್ಟಿದೆ: ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಕಥೆ ಬಲ್ಲವರು ಅದರಂತೆ ನಡೆಯದಿದ್ದರೆ ಕಥೆಯೂ ಸಾಯುತ್ತದೆ.

ನಮ್ಮ ಸುತ್ತ ಇನ್ನೂ ಕಥೆಗಳು ಬದುಕಿವೆ. ಕೋತಗಿರಿ ಹತ್ತಿರದ ಬೆರಗಣಿಯಲ್ಲಿ ಬಡಗರು ಬಿಳಿ ಬಟ್ಟೆ ತೊಟ್ಟು ಹೆತ್ತೆ ಹಬ್ಬಕ್ಕೆ ಸೇರುತ್ತಾರೆ. ಬಡಗರ ಮಾತಿನಲ್ಲಿ ಹೆತ್ತೆ ಎಂದರೆ ಅಜ್ಜಿ. ಮಸಿನಗುಡಿಯ ಹೆಸರಿನಲ್ಲೇ ಗುಡಿ ಇದೆ. ಈ ಸಲ ಶಾಲೆಯ ಗೆಳೆಯರೋ ನೆರೆಮನೆಯವರೋ ಹಬ್ಬದ ಕಥೆ ಹೇಳಿದರೆ "ಇದು ನಿಜವಾ?" ಎಂದು ಮೊದಲೇ ಕೇಳದೆ, "ಈ ಕಥೆ ನಿಮ್ಮನ್ನು ಹೇಗೆ ಬದುಕಲು ಹೇಳುತ್ತದೆ?" ಎಂದು ಕೇಳಿನೋಡೋಣ. ಅದೇ ಪ್ರಶ್ನೆಯನ್ನು ಅವರು ನಮಗೂ ಕೇಳುತ್ತಾರೆ. ಉತ್ತರ ಹೇಳಲು ನಮ್ಮ ಕಥೆ ನಮಗೆ ಗೊತ್ತಿರಬೇಕು. ಜೊತೆಗೆ ನಮ್ಮ ಗಡಿಕಲ್ಲುಗಳೂ ಇದ್ದಲ್ಲೇ ಇರಬೇಕು.