ಬುತ್ತಿ ಬರುವ ಹೊತ್ತು

ಗೋಕಾಕ ಬಸ್‌ಸ್ಟ್ಯಾಂಡಿಗೆ ಮುಂಜಾನೆ ಒಂಬತ್ತರ ಸುಮಾರಿಗೆ ಹಳ್ಳಿ ಬಸ್ಸು ಬಂದು ನಿಂತಿತೆಂದರೆ ಕಂಡಕ್ಟರು ಮೊದಲು ಬುತ್ತಿ ಇಳಿಸುತ್ತಿದ್ದ, ಆಮೇಲೆ ಮಂದಿ ಇಳಿಯುತ್ತಿದ್ದರು. ಕೌಜಲಗಿಯಿಂದ, ಯಾದವಾಡದಿಂದ, ಮೂಡಲಗಿಯಿಂದ ಬಂದ ಡಬ್ಬಿಗಳು ಗೋಡೆಗುಂಟ ಸಾಲಾಗಿ ಕೂರುತ್ತಿದ್ದವು. ಅಲ್ಯುಮಿನಿಯಂ ಡಬ್ಬಿ, ಸುತ್ತ ಹಳೇ ಧೋತರದ ತುಂಡು, ಮುಚ್ಚಳದ ಮೇಲೆ ಎಣ್ಣೆ ಬಣ್ಣದಲ್ಲಿ ಹುಡುಗನ ಹೆಸರು. ಒಳಗೆ ಮೂರು ಜೋಳದ ರೊಟ್ಟಿ, ಒಂದು ಪಲ್ಯ, ಶೇಂಗಾ ಹಿಂಡಿ. ನಸುಕಿನಲ್ಲಿ ಎದ್ದು ಬಡಿದ ರೊಟ್ಟಿಯ ಬಿಸಿ ಬಟ್ಟೆಯೊಳಗೆ ಇನ್ನೂ ಉಳಿದಿರುತ್ತಿತ್ತು. ಊರಲ್ಲಿ ಖೋಲಿ ಹಿಡಿದು ಓದುವ ಹುಡುಗರು ನಿನ್ನೆಯ ಖಾಲಿ ಡಬ್ಬಿ ತಂದು ಅದೇ ಬಸ್ಸಿಗೆ ಕೊಟ್ಟು, ಇವತ್ತಿನದನ್ನು ಒಯ್ಯುತ್ತಿದ್ದರು. ಕಂಡಕ್ಟರು ಅದಕ್ಕೆ ಚೀಟಿ ಹರಿದದ್ದನ್ನು ನಾನು ನೋಡಲಿಲ್ಲ.

ನಾನಾಗ ಗೋಕಾಕದಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮಪ್ಪ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿಯಲ್ಲಿ, ರಿಂಗ್ ಫ್ರೇಮ್ ಖಾತೆಯಲ್ಲಿದ್ದ. 1885ರಲ್ಲಿ ಕಂಪನಿ ಕಟ್ಟಿ, 1887ರ ಹೊತ್ತಿಗೆ ಘಟಪ್ರಭೆಯ ಧುಮುಕುವ ನೀರಿನಿಂದಲೇ ಯಂತ್ರ ತಿರುಗಿಸಿದ ಗಿರಣಿ ಅದು. ನಮ್ಮ ಚಾಳದಲ್ಲಿ ಹೊತ್ತು ಅಂದರೆ ಭೋಂಗಾ, ಪಾಳಿ ಶುರುವಾಗುವಾಗ ಕೂಗುವ ಗಿರಣಿಯ ಸೈರನ್ನು. ಭೋಂಗಾ ಆದ ಮೇಲೆ ಬಂದವನಿಗೆ ಅವತ್ತಿನ ಹಾಜರಿ ಇಲ್ಲ. ಇದನ್ನು ಹೇಳುವುದಕ್ಕೆ ಕಾರಣವಿದೆ. ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿ, ನೂರಾರು ಮಕ್ಕಳ ಅರ್ಜಿ ತುಂಬಿ, ಶಿಫಾರಸು ಪತ್ರ ಬರೆದುಕೊಟ್ಟ ಮೇಲೆ ನನಗೆ ಖಾತ್ರಿಯಾದದ್ದು ಒಂದೇ: ಬಡವರ ಮಕ್ಕಳ ಓದಿಗೆ ಎಷ್ಟು ಹಣ ಬಂತು ಅನ್ನುವುದರಷ್ಟೇ ಮುಖ್ಯ, ಅದು ಯಾವಾಗ ಬಂತು ಅನ್ನುವುದು. ಬುತ್ತಿಯ ಗುಣ ಇರುವುದೇ ಅಲ್ಲಿ. ಅದು ಹಸಿವಾಗುವ ಮೊದಲೇ ಬಂದು ಕೂತಿರುತ್ತದೆ.

ನಮ್ಮ ಭಾಗದಲ್ಲಿ ಓದಿಗೆ ಹಣ ಹೊಂದಿಸಿದ ಚರಿತ್ರೆ ಬುತ್ತಿಗಿಂತ ಹಳೆಯದು. ಬುತ್ತಿಗೂ ಮೊದಲು ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಹಿಡಿದುಕೊಂಡ ಹುಡುಗ ವರ್ಷ ದಾಟಿಸುತ್ತಿದ್ದ. ಆರೇ ಮನೆ ಸಿಕ್ಕವನಿಗೆ ವಾರಕ್ಕೊಂದು ಉಪವಾಸ. ಆ ಪದ್ಧತಿಯನ್ನು ಹೊಗಳುವವರು ಒಂದು ಮಾತು ಮರೆಯುತ್ತಾರೆ. ಯಾವ ಜಾತಿಯ ಹುಡುಗ ಯಾರ ಮನೆಯ ಹೊಸ್ತಿಲು ದಾಟಬಹುದಿತ್ತು? ದಲಿತರ ಹುಡುಗನಿಗೆ ಏಳರಲ್ಲಿ ಒಂದು ಮನೆಯೂ ಇರಲಿಲ್ಲ. ಹುಡುಗಿಯರ ಮಾತಂತೂ ಯಾರ ಬಾಯಲ್ಲೂ ಇರಲಿಲ್ಲ.

ವಾರಾನ್ನದ ಜಾಗಕ್ಕೆ ಊಟ, ವಸತಿ ಕೊಡುವ ಮಠಗಳ ಪ್ರಸಾದನಿಲಯಗಳು ಬಂದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು, ಬೆಳಗಾವಿಯಲ್ಲಿ ನಾಗನೂರಿನ ಶಿವಬಸವ ಸ್ವಾಮಿಗಳು ಊರೂರು ತಿರುಗಿ ಜೋಳಿಗೆ ಹಿಡಿದರು. ನಮ್ಮೂರ ಹಿರಿಯರು ಹೇಳುತ್ತಿದ್ದರು, ಸುಗ್ಗಿ ಮುಗಿದು ಕಣದಲ್ಲಿ ಜೋಳದ ರಾಶಿ ಬಿದ್ದ ಹೊತ್ತಿಗೇ ಸ್ವಾಮಿಗಳು ಬರುತ್ತಿದ್ದರು ಎಂದು. ರೈತನ ಕೈಯಲ್ಲಿ ರೊಕ್ಕ ಇಲ್ಲ, ಕಾಳು ಇದೆ; ಅದೂ ಆ ಹದಿನೈದು ದಿನ ಮಾತ್ರ ಧಾರಾಳ. ಆ ಹದಿನೈದು ದಿನ ಗುರುತಿಸಿ ಬರುವುದರಲ್ಲಿ ದೊಡ್ಡ ಆಡಳಿತ ಜ್ಞಾನ ಇತ್ತು. ಜೂನಿನಲ್ಲಿ ಶಾಲೆ ತೆರೆಯುವಾಗ ಪ್ರಸಾದನಿಲಯದ ಹಗೇವು ತುಂಬಿರುತ್ತಿತ್ತು.

ರೊಕ್ಕದ ರೂಪದ ನೆರವು ಬೇರೆ ದಾರಿಯಲ್ಲಿ ಬಂತು. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮುಂದಾಗಿ ಲಿಂಗಾಯತ ವಿದ್ಯಾನಿಧಿ ಕೂಡಿಸಿದರು. ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟರು. 1916ರ ನವೆಂಬರ್ 13ರಂದು ಏಳು ಮಂದಿ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟುಹಾಕಿದರು. ಮೊದಲ ಹೈಸ್ಕೂಲಿಗೆ ಗಿಲಗಂಚಿ, ಅರಟಾಳರ ಹೆಸರು. 1933ರ ಕಾಲೇಜಿಗೆ ಲಿಂಗರಾಜರ ಹೆಸರು. ಇನ್ನೊಬ್ಬ ದಾನಿ, ವಂಟಮುರಿಯ ರಾಜಾ ಲಖಮಗೌಡರ ಹೆಸರು ಬೆಳಗಾವಿಯ ಕಾನೂನು ಕಾಲೇಜಿನ ಮೇಲೂ ಇದೆ, ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನ ಮೇಲೂ ಇದೆ. ಆ ನೀರು ಹರಿದು ನಮ್ಮ ಫಾಲ್ಸಿಗೇ ಬರುತ್ತದೆ. ಆದರೆ ಈ ನಿಧಿಗಳಲ್ಲಿ ಹೆಚ್ಚಿನವು ಒಂದೊಂದು ಸಮಾಜದ ಬೇಲಿಯೊಳಗಿದ್ದವು. ನಾನು ಅವುಗಳಿಗೆ ಋಣಿ, ಆ ಬೇಲಿಗೆ ಋಣಿಯಲ್ಲ.

ನಮ್ಮ ತಾಲೂಕಿನಿಂದ ಓದಿ ಮೇಲೆ ಬಂದವರು ಯಾರು ಅಂದರೆ ಮೊದಲು ಬರುವ ಹೆಸರು ಡಿ.ಸಿ. ಪಾವಟೆಯವರದು. ದಾದಪ್ಪ ಚಿಂತಪ್ಪ ಪಾವಟೆ, 1899ರಲ್ಲಿ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿದವರು. ಅವರ ಕಾಲದಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದ್ದು. ಕಾಲೇಜು ಅಂದರೆ ಪುಣೆ, ಮುಂಬಯಿ ಅಥವಾ ಕೊಲ್ಹಾಪುರ. ಅವರಿಗೆ ಹದಿನೆಂಟು ತುಂಬಿದ 1917ರಲ್ಲೇ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಹತ್ತು ವರ್ಷ ತಡವಾಗಿ ತೆರೆದಿದ್ದರೆ ಮಮದಾಪುರದ ಹುಡುಗ ಎಲ್ಲಿರುತ್ತಿದ್ದನೋ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಲ್ಲಿ ಗಣಿತ ಓದಿ, ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ, ಗಣಿತದಲ್ಲಿ ಮೊದಲ ದರ್ಜೆ ಪಡೆದ ರ್‍ಯಾಂಗ್ಲರ್ ಆಗಿ ಬಂದರು. ಬನಾರಸಿನಲ್ಲಿ ಪಾಠ ಹೇಳಿದರು. ಆಮೇಲೆ ಮುಂಬಯಿ ಸರಕಾರದ ಶಿಕ್ಷಣ ಇಲಾಖೆ. 1947ರಿಂದ 1954ರವರೆಗೆ ಅಲ್ಲಿ ಸಾರ್ವಜನಿಕ ಶಿಕ್ಷಣ ನಿರ್ದೇಶಕರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. ಆಮೇಲೆ ಪಂಜಾಬಿನ ರಾಜ್ಯಪಾಲರು.

ಅವರನ್ನು ಗಣಿತಜ್ಞರೆಂದು ಕರೆದು ಸುಮ್ಮನಾಗುತ್ತೇವೆ. ಬದುಕಿನ ಹೆಚ್ಚು ಪಾಲು ಅವರು ಮಾಡಿದ್ದು ಇವತ್ತು ಪಬ್ಲಿಕ್ ಪಾಲಿಸಿ ಅನ್ನುವ ಕೆಲಸ. ಯಾವ ಊರಿಗೆ ಶಾಲೆ, ಯಾವ ಶಾಲೆಗೆ ಗ್ರಾಂಟು, ಎಷ್ಟು ಮಾಸ್ತರರು, ಯಾವಾಗ ಪರೀಕ್ಷೆ. 1964ರಲ್ಲಿ ಬಂದ ಅವರ ನೆನಪುಗಳ ಪುಸ್ತಕಕ್ಕೆ ಅವರೇ ಇಟ್ಟ ಹೆಸರಿನಲ್ಲಿ ಗಣಿತವಿಲ್ಲ, ಶಿಕ್ಷಣದ ಆಡಳಿತಗಾರ ಎಂದಿದೆ. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅವರ ಕಾಲದಲ್ಲಿ ಎದ್ದ ವಿಶ್ವವಿದ್ಯಾಲಯದಲ್ಲೇ ನಾನು ಎಂ.ಎ. ಮಾಡಿದ್ದು. ಮುಂದೆ ಅವರ ಹೆಸರಿನ ಪ್ರತಿಷ್ಠಾನ ಹುಟ್ಟಿ, ಕರ್ನಾಟಕದ ತರುಣ ವಿದ್ವಾಂಸರನ್ನು ಕೆಲವು ತಿಂಗಳ ಮಟ್ಟಿಗೆ ಅವರು ಓದಿದ ಕೇಂಬ್ರಿಜ್‌ಗೇ ಫೆಲೋಶಿಪ್ ಕೊಟ್ಟು ಕಳಿಸತೊಡಗಿತು. ಮಮದಾಪುರದ ದಾರಿ ಹಾಗೆ ಇನ್ನೂ ತೆರೆದಿದೆ.

ಹೊತ್ತಿಗೆ ಹಣ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಂಬೇಡ್ಕರರ ಓದು ಸಾಕ್ಷಿ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕೆಂದು ಕರಾರು. ಅಲ್ಲಿಂದ ಲಂಡನ್ನಿಗೆ ಹೋಗಿ ಪ್ರಬಂಧ ಶುರು ಮಾಡಿದ್ದರು. 1917ರಲ್ಲಿ ವೇತನದ ಅವಧಿ ಮುಗಿಯಿತು, ಓದು ಅರ್ಧಕ್ಕೆ ಬಿಟ್ಟು ಮರಳಿದರು. ಮತ್ತೆ ಲಂಡನ್ನಿಗೆ ಹೋಗಲು 1920 ಬರಬೇಕಾಯಿತು. ಮುಂಬಯಿಯಲ್ಲಿ ಪಾಠ ಹೇಳಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯರ ಸಾಲ ಇಷ್ಟೂ ಕೂಡಿದ ಮೇಲೆ. ಆ ಮೂರು ವರ್ಷ ಯಾರ ಲೆಕ್ಕಕ್ಕೆ ಬರೆಯಬೇಕು? ಅವರು ಬರೆದದ್ದಾದರೂ ಏನು? ರೂಪಾಯಿಯ ಸಮಸ್ಯೆ, ಪ್ರಾಂತ್ಯಗಳ ಹಣಕಾಸು. ಸರಕಾರದ ರೊಕ್ಕ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಮ್ಮವರೊಬ್ಬರು ವಿದ್ಯಾರ್ಥಿಯಾಗಿದ್ದಾಗಲೇ ಮಾಡಿದ ಆಳವಾದ ಕೆಲಸ ಅದು. ಪ್ರಾಂತ್ಯಗಳ ಹಣಕಾಸಿನ ಪುಸ್ತಕ ಅಚ್ಚಾದ 1925ರಲ್ಲೇ, ಏಪ್ರಿಲ್‌ನಲ್ಲಿ, ಅವರು ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ದಲಿತರ ಪ್ರಾಂತೀಯ ಪರಿಷತ್ತಿನಲ್ಲಿ ಮಾತಾಡಿದರು.

ಪಬ್ಲಿಕ್ ಪಾಲಿಸಿ ಎಂಬ ಹೆಸರಿನ ಸ್ನಾತಕೋತ್ತರ ಓದು ಮಾತ್ರ ಈಚಿನದು. ಅಮೆರಿಕದಲ್ಲಿ ಲ್ಯೂಶಿಯಸ್ ಲಿಟ್ಟಾವರ್ ಎಂಬ ಕೈಗವಸು ಕಾರಖಾನೆಯ ಧಣಿ 20 ಲಕ್ಷ ಡಾಲರ್ ಕೊಟ್ಟು 1936ರಲ್ಲಿ ಹಾರ್ವರ್ಡ್‌ನಲ್ಲಿ ಸಾರ್ವಜನಿಕ ಆಡಳಿತದ ಶಾಲೆ ತೆಗೆಸಿದ. ಅದನ್ನು ಓದಿದಾಗ ನನಗೆ ಸಿರಸಂಗಿ ದೇಸಾಯಿಯವರು ನೆನಪಾದರು. ನಮ್ಮಲ್ಲಿ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ, ಆರ್ಥಿಕ ಬದಲಾವಣೆಯ ಅಧ್ಯಯನಕ್ಕೆಂದು ಐಸೆಕ್ ಸಂಸ್ಥೆ ಕಟ್ಟಿದರು. 2002ರಲ್ಲಿ ಅಲ್ಲಿನ ಐಐಎಂ ನೌಕರಿಯಲ್ಲಿದ್ದ ಅಧಿಕಾರಿಗಳಿಗಾಗಿ ಪಾಲಿಸಿ ಕೋರ್ಸ್ ಶುರು ಮಾಡಿತು. 2014ರಲ್ಲಿ ನ್ಯಾಷನಲ್ ಲಾ ಸ್ಕೂಲು ಪದವಿ ಮುಗಿಸಿದ ಯಾರಾದರೂ ಬರಬಹುದಾದ ಎರಡು ವರ್ಷದ ಎಂಪಿಪಿ, ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಪಾಲಿಸಿ, ತೆರೆಯಿತು. ಅಧಿಕಾರಿಗಳ ಕೋಣೆಯಿಂದ ಈ ಓದು ಹೊರಗೆ ಬಂದದ್ದು ತೀರ ಈಚೆಗೆ.

ನನ್ನ ಕಥೆ ಸಣ್ಣದು. ಧಾರವಾಡಕ್ಕೆ ಹೋಗುವಾಗ ಅವ್ವ ಒಂದು ತಿಂಗಳಿಗಾಗುವಷ್ಟು ಕಟಿ ರೊಟ್ಟಿ ಗಂಟು ಕಟ್ಟಿದ್ದಳು. ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಒಂದು ಕಚೇರಿಯಿಂದ ಕಾಗದ ಬಂತು, ಹಣ ಬರಲಿಲ್ಲ. ಪರೀಕ್ಷಾ ಶುಲ್ಕದ ಕೊನೇ ದಿನ ಜನವರಿಯಲ್ಲಿ. ಅಪ್ಪ ಗಿರಣಿಯ ಇಬ್ಬರು ಜೊತೆಗಾರರಿಂದ ಕೈಗಡ ತಂದು, ಎರಡನೇ ಪಾಳಿ ಮುಗಿಸಿ ರಾತ್ರಿ ಬಸ್ಸು ಹಿಡಿದು ನಸುಕಿನಲ್ಲಿ ಹಾಸ್ಟೆಲಿನ ಬಾಗಿಲಿಗೆ ಬಂದ. ತಲೆಗೂದಲಲ್ಲಿ ಹತ್ತಿಯ ಎಳೆ ಹಾಗೇ ಇದ್ದವು. ನೋಟುಗಳನ್ನು ಎಣಿಸಿ ನನ್ನ ಕೈಗಿಟ್ಟು, ಚಹಾ ಸಹ ಕುಡಿಯದೆ, ‘ಭೋಂಗಾ ಆಗೂದರಾಗ ಮುಟ್ಟಬೇಕವ್ವಾ’ ಅಂತ ತಿರುಗಿ ಹೋದ. ವೇತನ ಮಾರ್ಚ್ ಕೊನೆಗೆ ಬಂತು, ಪೂರ್ತಿ ಬಂತು. ಆ ಕಚೇರಿಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಪಾವತಿಯಾಗಿದೆ ಅಂತಲೇ ಇದ್ದೀತು. ಅಪ್ಪನ ಆ ರಾತ್ರಿ ಯಾವ ಪುಸ್ತಕದಲ್ಲೂ ಇಲ್ಲ.

ಮೂಡಲಗಿ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಪಾಲಿಸಿ ಓದಲು ಅರ್ಜಿ ಹಾಕಿದಳು. ಅರ್ಜಿಯ ಜೊತೆ ಈ ಓದು ಯಾಕೆ ಬೇಕೆಂದು ಒಂದೆರಡು ಪುಟ ಬರೆಯಬೇಕು. ಅವಳು ತಂದ ಮೊದಲ ಬರಹದಲ್ಲಿ ದೇಶಸೇವೆ, ಸುಸ್ಥಿರ ಅಭಿವೃದ್ಧಿ ಎಲ್ಲ ಇದ್ದವು, ಅವಳು ಇರಲಿಲ್ಲ. ‘ಲೋಳಸೂರ ಪೂಲಿನ ಮ್ಯಾಲೆ ನೀರು ಬಂದಾಗ ಎಲ್ಲಿದ್ದಿ?’ ಅಂತ ಕೇಳಿದೆ. 2019ರ ಆಗಸ್ಟ್. ಘಟಪ್ರಭೆ ಸೇತುವೆ ಮುಳುಗಿಸಿ ಗೋಕಾಕದ ಪೇಟೆಯೊಳಗೆ ನುಗ್ಗಿದ್ದಳು. ಹುಡುಗಿ ಅಜ್ಜಿಯ ಮನೆಯಲ್ಲಿದ್ದಳಂತೆ. ಇಬ್ಬರೂ ಶಾಲೆಯ ಮಾಳಿಗೆ ಮೇಲೆ ಎರಡು ರಾತ್ರಿ ಕಳೆದರಂತೆ. ಆಗ ಸರಕಾರದ ತಕ್ಷಣದ ಪರಿಹಾರ ಹತ್ತು ಸಾವಿರ ರೂಪಾಯಿ. ಪೂರ್ತಿ ಬಿದ್ದ ಮನೆ ‘ಎ’ ವರ್ಗ, ಐದು ಲಕ್ಷ. ಅಲ್ಪಸ್ವಲ್ಪ ಹಾನಿಯಾದದ್ದು ‘ಸಿ’. ಅಜ್ಜಿಯ ಮನೆ ‘ಸಿ’ಗೆ ಬಿತ್ತು. ಯಾಕೆ ಬಿತ್ತು ಅನ್ನುವುದೇ ತನ್ನ ಪ್ರಶ್ನೆ ಎಂದು ಬರೆದಳು. ಪ್ರವೇಶ ಸಿಕ್ಕಿತು.

ಆಮೇಲಿನದು ಹಳೇ ಹಾಡು. ಸೀಟು ಕಾಯ್ದಿರಿಸಲು ಹದಿನೈದು ದಿನ, ಬ್ಯಾಂಕಿನ ಸಾಲಕ್ಕೆ ಎರಡು ತಿಂಗಳು, ವಿದ್ಯಾರ್ಥಿವೇತನ ಬರುವುದು ಸೆಮಿಸ್ಟರ್ ಮುಗಿದ ಮೇಲೆ. ನಡುವಿನ ಹೊಂಡ ತುಂಬಿದ್ದು ಅವಳ ಮಾವನ ಕಬ್ಬಿನ ಬಿಲ್ಲು, ನಾವು ನಾಲ್ಕು ಜನ ನಿವೃತ್ತ ಶಿಕ್ಷಕರ ಕೈಗಡ. ನಿಯಮ ಮಾಡುವವರಿಗೆ ನನ್ನ ಬೇಡಿಕೆ ಇಷ್ಟೇ: ಶುಲ್ಕದ ಕೊನೇ ದಿನ, ವೇತನ ಜಮಾ ಆಗುವ ದಿನ, ಎರಡನ್ನೂ ಒಂದೇ ಕಾಗದದ ಮೇಲೆ ಬರೆಯಿರಿ. ಜೋಳಿಗೆ ಹಿಡಿದ ಸ್ವಾಮಿಗಳಿಗೆ ಇದು ತಿಳಿದಿತ್ತು.

ಎರಡನೇ ವರ್ಷದ ಪ್ರಬಂಧಕ್ಕೆ ಅವಳು ಆಯ್ದುಕೊಂಡದ್ದೂ ಅಜ್ಜಿಯ ಮನೆಯ ಅದೇ ಪ್ರಶ್ನೆ. ದೀಪಾವಳಿ ರಜೆಯಲ್ಲಿ ನಲವತ್ತು ಅಚ್ಚಿನ ಫಾರ್ಮು ಹಿಡಿದು ಬಂದಳು. ಹೊಳೆದಂಡೆಯ ಓಣಿಗೆ ನಾನೂ ಜೊತೆಗೆ ಹೋದೆ. ಮೊದಲನೇ ಮನೆಯಲ್ಲೇ ಒಬ್ಬ ಮುದುಕಿ ನಮ್ಮನ್ನು ಕಂಬದ ಹತ್ತಿರ ಕರೆದೊಯ್ದು ತನ್ನ ಭುಜದೆತ್ತರಕ್ಕೆ ಉಳಿದ ನೀರಿನ ಕಂದು ಗೆರೆ ತೋರಿಸಿದಳು. ಪಕ್ಕದ ಗೋಡೆ ಹೊಸದು, ಸಿಮೆಂಟಿನದು. ಹಳೇ ಮಣ್ಣಿನ ಗೋಡೆ ಯಾವಾಗ ಬಿತ್ತು ಅಂತ ಹುಡುಗಿ ಕೇಳಿದಳು.

‘ನೀರು ಇದ್ದಾಗ ನಿಂತಿತ್ತು. ನೀರು ಇಳದ ಮ್ಯಾಲೆ, ಬಿಸಲು ಬಿದ್ದು ಒಣಗಿದ ಕೂಡ್ಲೆ ಬಿರಕ ಬಿಟ್ಟು ಕೂತ ಬಿಡ್ತು. ಸಾಹೇಬರು ಬರಕೊಂಡು ಹೋದ ಮೂರನೇ ದಿನಕ್ಕ.’

ಹುಡುಗಿ ಫಾರ್ಮು ತಿರುಗಿಸಿ ನೋಡಿದಳು. ಮನೆಯ ವರ್ಗಕ್ಕೆ ಒಂದು ಕಾಲಂ ಇತ್ತು, ಸಿಕ್ಕ ಹಣಕ್ಕೆ ಒಂದಿತ್ತು, ಸರ್ವೇ ಆದ ತಾರೀಖಿಗೆ ಒಂದಿತ್ತು. ಅವಳು ಜಗಲಿಯ ಮೇಲೆ ಕೂತು, ನನ್ನ ಕೈಯಲ್ಲಿದ್ದ ಪಂಚಾಂಗದ ಅಂಚನ್ನು ಅಳತೆಪಟ್ಟಿ ಮಾಡಿಕೊಂಡು, ಎಲ್ಲ ನಲವತ್ತು ಹಾಳೆಗಳಿಗೂ ಬಲಗಡೆ ಪೆನ್ನಿನಿಂದ ಒಂದೊಂದು ಗೆರೆ ಎಳೆದಳು. ಮೇಲೆ ಬರೆದಳು: ಗೋಡೆ ಬಿದ್ದ ದಿನ.